ಪಕ್ಕದ ಲೇನಿನಿಂದ ಬಂದ ಕೈ

ನೀರಿನಿಂದ ಎದ್ದು ಬಂದರೆ ಅವರ ಕೈಗಳ ಮೇಲೆ ನೀರು ನಿಲ್ಲುತ್ತಿರಲಿಲ್ಲ. ಎಣ್ಣೆ ಸವರಿದ ಹಂಚಿನ ಮೇಲೆ ಬಿದ್ದಂತೆ ಹನಿಹನಿಯಾಗಿ ಉರುಳಿ ಹೋಗುತ್ತಿತ್ತು. ವರ್ಷಗಟ್ಟಲೆ ಕುರಿ ತೊಳೆದು ತೊಳೆದು ಉಣ್ಣೆಯ ಜಿಡ್ಡು ಮೊಣಕೈವರೆಗೆ ಚರ್ಮಕ್ಕೇ ಇಳಿದುಬಿಟ್ಟಿತ್ತು. ಎಷ್ಟು ಸಾಬೂನು ಹಚ್ಚಿದರೂ ಆ ವಾಸನೆ ಹೋಗುತ್ತಿರಲಿಲ್ಲ. ಹೋಗಲಿ ಎಂದು ಅವರಿಗೂ ಅನಿಸಿದಂತಿರಲಿಲ್ಲ. ತೆಲಂಗಾಣದ ತಾಂಡೂರಿನ ನಮ್ಮ ಕಡೆ ಎಲ್ಲರೂ ಅವರನ್ನು ಕುರಿ ಕಾಕಾ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ.

ನನ್ನದು ತೊಗರಿಯ ಅಡತ್ ಅಂಗಡಿ, ರೈತರ ಮಾಲನ್ನು ದಲಾಲಿಯ ಮೇಲೆ ಮಾರಿಕೊಡುವುದು. ಗಾದಿಯ ಮೇಲೆ ಕೂತೂ ಕೂತೂ ನಲವತ್ತೆಂಟನೆಯ ವಯಸ್ಸಿಗೆ ಸೊಂಟ ಹಿಡಿದುಕೊಂಡಿತು. ಹೈದರಾಬಾದಿನ ಡಾಕ್ಟರು ಈಜು ಕಲಿಯಿರಿ ಎಂದರು. ನನಗೆ ಗೊತ್ತಿದ್ದ ಆಳದ ನೀರೆಂದರೆ ನೆಲಕ್ಕೆ ಹಾಸುವ ಫರ್ಸಿ ಕಲ್ಲು ತೆಗೆದು ಬಿಟ್ಟುಹೋದ ಹಳೆಯ ಗಣಿಗಳಲ್ಲಿ ನಿಂತದ್ದು. ಅಂಥ ಒಂದು ಗಣಿಗೆ ಬೇಸಿಗೆಯಲ್ಲಿ ಕಾಕಾ ಕೊಹೀರ್ ಕಡೆಯಿಂದ ತಮ್ಮ ಹಿಂಡು ಹೊಡೆದುಕೊಂಡು ಬರುತ್ತಿದ್ದರು. ಉಣ್ಣೆ ಕತ್ತರಿಸುವ ಮುಂಚೆ ಕುರಿಗಳನ್ನು ಈಜಾಡಿಸಿ ತೊಳೆಯಬೇಕು. ಕೆರೆಯಲ್ಲಾದರೆ ಕೆಸರು ಮೆತ್ತಿಕೊಳ್ಳುತ್ತದೆ, ಗಣಿಯ ತಳ ಬರೀ ಕಲ್ಲು. ಒಂದೊಂದೇ ಕುರಿಯನ್ನು ನೀರಿಗಿಳಿಸಿ, ಎಡಗೈಯಲ್ಲಿ ಅದರ ಗದ್ದ ಎತ್ತಿ ಹಿಡಿದು, ಬಲಗೈಯಲ್ಲಿ ನೀರು ಸೀಳುತ್ತಾ, ಮಗ್ಗುಲಾಗಿ ಈಜಿ ಆಚೆ ದಂಡೆಗೆ ಒಯ್ಯುತ್ತಿದ್ದರು. ಕೊನೆಯ ಕುರಿ ದಂಡೆ ಹತ್ತುವವರೆಗೆ ಅವರಿಗೆ ಚಹಾ ಇಲ್ಲ, ಬೀಡಿ ಇಲ್ಲ, ಮಾತೂ ಇಲ್ಲ.

"ಕಾಕಾ, ನನಗೂ ಕಲಿಸ್ತೀಯೇನು?" ಎಂದು ಕೇಳಿದೆ. ವಯಸ್ಸಿನಲ್ಲಿ ನನ್ನ ತಂದೆಯಷ್ಟಿದ್ದರೂ ನಾನು ಅವರನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ, ಅವರು ನನಗೆ 'ರಿ' ಹಚ್ಚುತ್ತಿದ್ದರು. ನಮ್ಮಲ್ಲಿ ಅದು ಹಾಗೆಯೇ ನಡೆದುಕೊಂಡು ಬಂದಿದೆ.

ಅವರು ನನ್ನ ಹೊಟ್ಟೆಯನ್ನೊಮ್ಮೆ ನೋಡಿದರು. "ಬರ್ರಿ ಸಾವ್ಕಾರ್ರ. ಗದ್ದ ನನ್ನ ಕೈಯಾಗ ಕೊಡ್ರಿ, ಉಳಿದದ್ದು ನೀರಿಗಿ ಬಿಡ್ರಿ."

ಕಲಿಯಲು ಎರಡು ಬೇಸಿಗೆ ಹಿಡಿಯಿತು. "ಕುರಿ ಒಂದ ದಿನದಾಗ ಕಲೀತದ. ನೀವು ವಿಚಾರ ಮಾಡ್ತೀರಿ, ಅದಕ್ಕ ತಡ ಆಗಾಕತ್ತದ" ಎಂದು ನಗುತ್ತಿದ್ದರು. ಮೂರನೆಯ ಬೇಸಿಗೆಗೆ ನನ್ನ ಸೊಂಟ ನೆಟ್ಟಗಾಗಿತ್ತು, ಹೆಮ್ಮೆಯಿಂದ ತಲೆ ಸ್ವಲ್ಪ ತಿರುಗಿತ್ತು. ವಯಸ್ಕರಿಗೆಂದೇ ಮಾಸ್ಟರ್ಸ್ ಈಜು ಸ್ಪರ್ಧೆಗಳಿರುತ್ತವೆ, ಐದೈದು ವರ್ಷಕ್ಕೊಂದು ಗುಂಪು ಮಾಡಿರುತ್ತಾರೆ ಎಂದು ಮೊಬೈಲಿನಲ್ಲಿ ನೋಡಿದೆ. ಹೈದರಾಬಾದಿನಲ್ಲಿ ನಡೆಯುವುದಿತ್ತು. ನೂರು ಮೀಟರ್ ಫ್ರೀಸ್ಟೈಲಿಗೆ ಹೆಸರು ಕೊಟ್ಟೆ. ಒಬ್ಬನೇ ಹೋಗಲು ಅಂಜಿಕೆಯಾಗಿ ಕಾಕಾನ ಹೆಸರನ್ನೂ ಸೇರಿಸಿದೆ. ಆಧಾರ್ ಕಾರ್ಡಿನ ಪ್ರಕಾರ ಅವರಿಗೆ ಎಪ್ಪತ್ತೊಂದು.

ಅವರು ಕೇಳಿದ್ದು ಒಂದೇ ಪ್ರಶ್ನೆ. "ಈಜಿದ್ರ ಕಾಗದ ಕೊಡ್ತಾರೇನ್ರಿ, ಹೆಸರು ಬರೆದು?"

"ಕೊಡ್ತಾರ. ಮುಗಿಸಿದರ ಸಾಕು. ನಿನ್ನ ವಯಸ್ಸಿನವರು ಮತ್ಯಾರೂ ಇಲ್ಲ, ಚಿನ್ನದ ಪದಕಾನೇ ಬರ್ತದ."

"ಪದಕ ಇರಲಿ ಬಿಡ್ರಿ. ರೇಷನ್ ಕಾರ್ಡು, ಆಧಾರ್ ಎಲ್ಲಾ ಬರೇ ಜೀವಂತ ಇದ್ದದ್ದಕ್ಕ ಕೊಟ್ಟಾರ. ಏನರ ಮಾಡಿದ್ದಕ್ಕ ನನ್ನ ಹೆಸರ ಮ್ಯಾಲ ಒಂದು ಕಾಗದ ಇಲ್ಲ ನೋಡ್ರಿ." ಮಗಳಿಗೆ ಹೇಳಿ ಗೋಡೆಗೆ ಮೊಳೆಯನ್ನೂ ಹೊಡೆಸಿಟ್ಟಿದ್ದರು.

ಹೈದರಾಬಾದಿನ ಕೊಳದ ನೀಲಿ ನೀರಿನಲ್ಲಿ ಕೈಯದ್ದಿ ಮೂಸಿ ನೋಡಿ, "ದವಾಖಾನಿ ವಾಸನಿ ಬರ್ತದ" ಎಂದರು. ಈಜುವವರು ಕಡಿಮೆಯಿದ್ದುದರಿಂದ ಬೇರೆ ಬೇರೆ ವಯಸ್ಸಿನವರನ್ನು ಒಟ್ಟಿಗೇ ಬಿಟ್ಟರು. ನನಗೆ ನಾಲ್ಕನೆಯ ಲೇನು, ಅವರಿಗೆ ಐದನೆಯದು. ಅವರು ಕುರಿ ಒಯ್ಯುವ ಹಾಗೇ ಮಗ್ಗುಲಾಗಿ, ಮುಖ ನನ್ನ ಕಡೆಗಿಟ್ಟು ಈಜುತ್ತಿದ್ದರು. ಆಚೆಯ ಗೋಡೆ ಮುಟ್ಟಿ ತಿರುಗಿದ ಮೇಲೆ ನನಗೆ ನೀರು ಗಂಟಲಿಗೆ ಹೋಯಿತು. ಕೆಮ್ಮಲು ಬಾಯಿ ತೆರೆದರೆ ಮತ್ತೆ ನೀರು. ಕಾಲಿಗೆ ತಳ ಸಿಗಲಿಲ್ಲ. ಕೂಗಲು ಉಸಿರಿರಲಿಲ್ಲ. ಒಮ್ಮೆ ಮುಳುಗಿ ಎದ್ದೆ, ಎರಡನೆಯ ಸಲ ಮುಳುಗಿದಾಗ ಏಳಲಾಗಲಿಲ್ಲ. ಸಾಯುತ್ತಿದ್ದೇನೆ ಎಂದು ಸ್ಪಷ್ಟವಾಗಿ ಗೊತ್ತಾಯಿತು. ಆಗ ಗದ್ದದ ಕೆಳಗೆ ಆ ಜಿಡ್ಡುಗೈ ಬಂತು. ಲೇನುಗಳ ನಡುವಿನ ಹಗ್ಗದ ಕೆಳಗೆ ನುಸುಳಿ ಬಂದಿದ್ದ ಕಾಕಾ ನನ್ನನ್ನು ದಡಕ್ಕೆ ಒಯ್ದರು. ಅವರು ಮುಟ್ಟಿ ಮುಗಿಸಬೇಕಿದ್ದ ಗೋಡೆ ಇನ್ನು ಹದಿನೈದು ಮೀಟರ್ ದೂರವಿತ್ತು.

ಸುತ್ತ ನಿಂತವರು ನಗುತ್ತಿದ್ದರು. ನಾನು ಕೂಗದೆ, ಕೈ ಬಡಿಯದೆ ಮುಳುಗಿದ್ದರಿಂದ ದಡದಿಂದ ನೋಡಿದವರಿಗೆ, ಸುಮ್ಮನೆ ತೇಲುತ್ತಾ ಸುಧಾರಿಸಿಕೊಳ್ಳುತ್ತಿದ್ದವನನ್ನು ಮುದುಕನೊಬ್ಬ ಬಂದು ಎಳೆದುಕೊಂಡು ಹೋದಂತೆ ಕಂಡಿತ್ತು. ನಮ್ಮೂರ ಬಜಾರಿನ ನಾಲ್ಕು ಜನ ವ್ಯಾಪಾರಿಗಳು ನನ್ನನ್ನು ನೋಡಲೆಂದೇ ಬಂದಿದ್ದರು. ನನಗೆ ಭಾರೀ ನಾಚಿಕೆಯಾಯಿತು. ತೀರ್ಪುಗಾರರು ಬಂದು, ನಿಮಗೆ ತೊಂದರೆಯಾಗಿತ್ತೇ ಎಂದು ತೆಲುಗಿನಲ್ಲಿ ಕೇಳಿದರು. ಇಲ್ಲ, ನಾನು ಚೆನ್ನಾಗಿಯೇ ಈಜುತ್ತಿದ್ದೆ, ಇವನೇ ಅಡ್ಡ ಬಂದ ಎಂದೆ.

ಅವರು ಕಾಕಾನ ಕಡೆ ತಿರುಗಿ, ಈ ಮನುಷ್ಯ ಮುಳುಗುತ್ತಿದ್ದದ್ದು ನಿಜವೇ ಎಂದು ಕೇಳಿದರು. ಕಾಕಾ ನನ್ನ ಮುಖ ನೋಡಿದರು. ಆಮೇಲೆ, ಇಲ್ಲ, ತಪ್ಪು ನನ್ನದೇ ಎಂದು ತೆಲುಗಿನಲ್ಲೇ ಹೇಳಿ ಕೈಮುಗಿದರು.

ಅಡ್ಡಬಂದದ್ದಕ್ಕೆ ಅವರನ್ನು ಅನರ್ಹಗೊಳಿಸಿದರು. ತೊಂದರೆಗೊಳಗಾದವನೆಂದು ನನಗೆ ಕೊನೆಯ ಸುತ್ತಿನಲ್ಲಿ ಮತ್ತೆ ಈಜಲು ಬಿಟ್ಟರು. ದಡದ ಪಕ್ಕದ ಲೇನು ಕೇಳಿ ಪಡೆದು, ಹೆದರಿ ಹೆದರಿ ಹೇಗೋ ಮುಗಿಸಿದೆ. ನನ್ನ ಗುಂಪಿನಲ್ಲಿ ಇದ್ದವರು ಮೂವರೇ, ಕಂಚು ಬಂತು.

ವಾಪಸು ಬರುವಾಗ ನಮ್ಮ ರೈಲು ಧಾರೂರು ದಾಟಿತು. ಆಗ ಕಾಕಾ ಮೆಲ್ಲಗೆ ಹೇಳಿದರು: "ಕುರಿ ಮುಳಗೋ ಮುಂದ ಒದರಂಗಿಲ್ರಿ ಸಾವ್ಕಾರ್ರ, ಸುಮ್ಮನಾಗಿಬಿಡ್ತದ. ನೀವೂ ಸುಮ್ಮನಾದ್ರಿ. ಅದಕ್ಕ ಬಂದೆ."

ನಾನು ಕಿಟಕಿಯ ಹೊರಗೆ ನೋಡಿದೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ.

ಬಜಾರಿನವರು ನನಗೆ ಶಾಲು ಹೊದಿಸಿ ಸನ್ಮಾನ ಮಾಡಿದರು. ಕಾಕಾ ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದರು. ಮಾತಾಡುವಾಗ ನಾನು ಅವರು ಅಡ್ಡ ಬಂದ ಪ್ರಸಂಗವನ್ನು ತಮಾಷೆಯಾಗಿ ಹೇಳಿದೆ, ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವರೂ ನಕ್ಕರು. ಆಮೇಲೂ ಗಣಿಯಲ್ಲಿ ಸಿಗುತ್ತಿದ್ದರು, ನಾನು ನೀರಿಗಿಳಿದರೆ ಕುರಿಗಳನ್ನು ಬಿಟ್ಟು ದಂಡೆಯಲ್ಲಿ ಬಂದು ನಿಲ್ಲುತ್ತಿದ್ದರು. ಮುಂದಿನ ವರ್ಷದ ಸ್ಪರ್ಧೆಗೆ ಅವರ ಹೆಸರು ಕೊಡಬೇಕೆಂದು ನನಗೆ ನೆನಪಿತ್ತು. ಕೊಟ್ಟರೆ ಹಳೆಯ ಮಾತು ಮೇಲೆ ಬಂದೀತೆಂದು ಕೊಡಲಿಲ್ಲ.

ಹೋದ ವರ್ಷ ಜ್ವರ ಬಂದು ನಾಲ್ಕೇ ದಿನಕ್ಕೆ ತೀರಿಕೊಂಡರು. ಕೊಹೀರ್ ಕಡೆಯ ಅವರ ಊರಿಗೆ ಮಣ್ಣಿಗೆ ಹೋಗಿದ್ದೆ. ಎಲ್ಲ ಮುಗಿದ ಮೇಲೆ ಅವರ ಮಗಳು ಕಣ್ಣೊರೆಸಿಕೊಳ್ಳುತ್ತಾ ನನ್ನ ಬಳಿ ಬಂದಳು.

"ಅಪ್ಪ ನಿಮ್ಮ ಆಟ ಕೆಡಿಸಿದ್ದನಂತಲ್ರಿ ಹೈದರಾಬಾದಿನ್ಯಾಗ. ಜ್ವರದಾಗೂ ಅದನ್ನ ಹೇಳ್ತಿದ್ದ, ಸಾವ್ಕಾರ್ರಿಗಿ ಮಂದಿ ಮುಂದ ಕೆಳಗ ಮಾಡಿದೆ ಅಂತ. ಹಳ್ಳಿ ಮನುಷ್ಯಾ, ತಿಳೀಲಿಲ್ಲ. ಮನಸಿನ್ಯಾಗ ಇಟ್ಕೋಬ್ಯಾಡ್ರಿ."

ನಿಜ ಹೇಳಲು ಅದೇ ಸಮಯವಾಗಿತ್ತು. ಅಂಗಳದಲ್ಲಿ ಜನ ನಿಂತು ನನ್ನನ್ನೇ ನೋಡುತ್ತಿದ್ದರು.

"ಇಲ್ಲವ್ವ, ನಾ ಏನೂ ಇಟ್ಕೊಂಡಿಲ್ಲ" ಎಂದೆ. ಅವಳು ನನ್ನ ಕಾಲಿಗೆ ನಮಸ್ಕಾರ ಮಾಡಿದಳು.