ಅತ್ತೆಯ ಹಿಂದಿನ ಬೆಂಚು

ಕುರುಗೋಡಿನಲ್ಲಿ ನನಗೆ ಗೊತ್ತಿದ್ದ ಮನರಂಜನೆಯೆಂದರೆ ಬಯಲಾಟ ಒಂದೇ. ನಮ್ಮ ಸೋದರಮಾವ ರಾಕ್ಷಸನ ವೇಷ ಹಾಕಿಕೊಂಡು ಬಂದು, ಮಾತು ಮರೆತು, ಮರೆತದ್ದು ಜನಕ್ಕೆ ಗೊತ್ತಾಗದಿರಲಿ ಎಂದು ಆಟದ ಅಟ್ಟಣೆ ಮುರಿಯುವ ಹಾಗೆ ಕುಣಿಯುತ್ತಿದ್ದ. ಎಪ್ಪತ್ತರ ದಶಕದ ನಡುವಿನಲ್ಲಿ ಮದುವೆಯಾಗಿ ಬಳ್ಳಾರಿಗೆ ಬಂದಾಗ ನನ್ನ ಮುಖದ ಮೇಲಿದ್ದ ಕಳೆಗೆ ಗಂಡನೇ ಕಾರಣ ಎಂದು ಎಲ್ಲರೂ ಅಂದುಕೊಂಡರು. ಇದ್ದರೂ ಇರಬಹುದು. ಆದರೆ ನಮ್ಮ ಓಣಿಯ ಆಚೆಗೇ ಒಂದು ಟಾಕೀಸ್ ಕೂಡ ಇತ್ತು.

ಕಳೆ ಬಹಳ ದಿನ ಉಳಿಯಲಿಲ್ಲ. ಅತ್ತೆ ಹಣೆಗೆ ಮೂರು ಪಟ್ಟಿ ವಿಭೂತಿ ಬಳಿದುಕೊಂಡು, ಕಂಚಿನ ಕಂಠದಲ್ಲಿ ಮನೆ ಆಳುತ್ತಿದ್ದರು. "ಮಾನ ಇದ್ದಾಕಿ ಟಾಕೀಸಿಗೆ ಹೋಗಂಗಿಲ್ಲ. ಕತ್ತಲಾಗ ಗಂಡಸ್ರ ಜೋಡಿ ಕುಂತು ಏನ್ ನೋಡತೀರಿ?" ಎಂದು ಬಂದ ವಾರದಲ್ಲೇ ಹೇಳಿಬಿಟ್ಟರು. ತಾವು ಮಾತ್ರ ಸೋಮವಾರ ಬಂತೆಂದರೆ ಊಟ ಮುಗಿಸಿ, ಮಡಿ ಸೀರೆ ಉಟ್ಟು, ಮಠದ ಪ್ರವಚನಕ್ಕೆ ಹೊರಡುತ್ತಿದ್ದರು. ವಾಪಸು ಬರುವಾಗ ಕಣ್ಣು ಕೆಂಪಾಗಿರುತ್ತಿದ್ದವು. "ನಿಮ್ಮ ಅತ್ತೀಗೆ ಭಕ್ತಿ ಭಾಳ" ಎಂದು ಮಾವ ಹೆಮ್ಮೆಪಡುತ್ತಿದ್ದರು.

ಪಕ್ಕದ ಮನೆಯಲ್ಲಿ ಒಬ್ಬ ಮುಸ್ಲಿಂ ಟೈಲರ್, ಅವರ ಹೆಂಡತಿ. ನಾನು ಆಕೆಯನ್ನು ಅಕ್ಕಾ ಎನ್ನುತ್ತಿದ್ದೆ. ಒಂದು ಸೋಮವಾರ ಅತ್ತೆ ಹೊರಟದ್ದೇ ತಡ, ಅಕ್ಕ ಗೋಡೆಯ ಮೇಲಿಂದ ಇಣುಕಿದರು.

"ತೆಲುಗು ಪಿಚ್ಚರ್ ಬಂದೈತಿ. ಅತ್ತಿ ಸೊಸೀಗೆ ಕಾಟ ಕೊಡೂ ಕತಿ. ಬರ್ತೀಯೇನ?"

"ಅದನ್ನ ನೋಡಾಕ ರೊಕ್ಕ ಯಾಕ ಕೊಡೂದಕ್ಕಾ?" ಎಂದೆ. ಹಾಗೆನ್ನುತ್ತಲೇ ಚಪ್ಪಲಿ ಮೆಟ್ಟಿದೆ.

ನಾವು ಹೋಗುವಷ್ಟರಲ್ಲಿ ಆಟ ಶುರುವಾಗಿತ್ತು. ಹೆಂಗಸರ ಕಡೆಗೆ ಬೇರೆ ಬಾಗಿಲು, ನಡುವೆ ಒಂದು ಮೋಟುಗೋಡೆ. ಕತ್ತಲಲ್ಲಿ ಯಾರದೋ ಕಾಲು ತುಳಿದು, ಯಾರದೋ ಕೂಸು ದಾಟಿ, ಒಂದು ಬೆಂಚು ಹಿಡಿದೆವು. ಕಣ್ಣೆದುರು ಪರದೆ, ಮೂಗಿಗೆ ಕಡ್ಲೆಕಾಯಿಯ ವಾಸನೆ. ಸ್ವರ್ಗ ಇದೇ ಇರಬೇಕು ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮುಂದಿನ ಬೆಂಚಿನಿಂದ ಕಂಚಿನ ಕಂಠ ಎದ್ದಿತು.

"ನಿನ್ನ ಕೈ ಸೇದಿಹೋಗ್ಲಿ! ಆ ಬಡಪಾಯಿ ಹುಡುಗೀನ ಹೊಡೀತಿಯಲ್ಲ, ನೀನೂ ಒಂದು ಅತ್ತಿಯೇನ?"

ಪರದೆಯ ಮೇಲಿನ ಅತ್ತೆಯನ್ನು ನನ್ನ ಅತ್ತೆ ಬೈಯುತ್ತಿದ್ದರು. ಅಕ್ಕಪಕ್ಕದವರು "ಇನ್ನೂ ಬೈರಿ ಅಮ್ಮಾರ" ಎಂದು ಹುರಿದುಂಬಿಸುತ್ತಿದ್ದರು. ಎಲ್ಲರಿಗೂ ಅವರು ಪರಿಚಯ. ಪ್ರವಚನ ನಡೆಯುತ್ತಿದ್ದ ಮಠ ಯಾವುದೆಂದು ಆಗ ನನಗೆ ತಿಳಿಯಿತು. ನಗು ಬಂತು, ಮರುಕ್ಷಣ ನಾನೂ ಅಲ್ಲೇ ಇದ್ದೇನೆಂಬುದು ನೆನಪಾಯಿತು. ಎದ್ದು ಹೋಗೋಣವೆಂದರೆ ಅಕ್ಕ ಕೈ ಬಿಡಲೊಲ್ಲರು. "ಕುಂದ್ರು, ಹಾಡು ಬರ್ತೈತಿ."

ಇಂಟರ್‌ವಲ್‌ನಲ್ಲಿ ದೀಪ ಹತ್ತಿದವು. ನಾನು ಸೆರಗನ್ನು ಗಲ್ಲದವರೆಗೂ ಎಳೆದುಕೊಂಡೆ. ಅತ್ತೆ ಹಿಂದೆ ತಿರುಗಿದರು.

"ಟೈಲರ್ ಹೆಂಡ್ತಿ! ನೀನೂ ಬಂದೀಯಾ? ನನ್ನ ಸೊಸೀಗೆ ಹೇಳೀಗೀಳೀಯ ಮತ್ತ."

"ಛೇ, ನಾ ಯಾಕ ಹೇಳಲ್ರಿ ಅಮ್ಮಾರ?"

"ಈಕಿ ಯಾರು?"

"ಸಿರುಗುಪ್ಪದಾಕಿ, ನಮ್ಮವರ ಪೈಕಿ" ಎಂದ ಅಕ್ಕ, ನಾನು ಬಾಯಿ ಬಿಟ್ಟರೆ ಕೆಟ್ಟೆವೆಂದು, "ಮೂಕಿ ಅದಾಳ, ಪಾಪ" ಎಂದೂ ಸೇರಿಸಿಬಿಟ್ಟರು.

ಅತ್ತೆಯ ಕರುಳು ಚುರ್ ಎಂದಿತು. ಮಡಿಲಲ್ಲಿದ್ದ ಕಡ್ಲೆಕಾಯಿಯನ್ನು ನನ್ನ ಬೊಗಸೆಗೆ ಸುರಿದರು. ದೀಪ ಆರಿದ ಮೇಲೂ ಮುಂದಕ್ಕೆ ತಿರುಗಲಿಲ್ಲ. ಎದುರು ಮಾತಾಡದವಳು ಸಿಕ್ಕಿದ್ದು ಅವರಿಗೆ ಜೀವಮಾನದಲ್ಲಿ ಮೊದಲ ಸಲವಿರಬೇಕು.

"ನಿನಗ ಮಾತು ಬರದಿದ್ರ ಏನಾತವ್ವಾ, ನಮ್ಮನ್ಯಾಗೊಬ್ಬಾಕಿ ಅದಾಳ, ಬಂದೂ ಉಪಯೋಗಿಲ್ಲ. ಕುರುಗೋಡಿನಾಕಿ. ರೊಟ್ಟಿ ಬಡದ್ರ ಎಮ್ಮಿ ನಾಲಿಗಿ ಆಗಿರ್ತಾವು. ಹಲ್ಲಿಗೆ ಹಾಕಿದ್ರ ಹಲ್ಲೇ ಕಿತ್ತು ಬರ್ತೈತಿ."

ಬೇರೆ ಏನು ಅಂದಿದ್ದರೂ ತಡೆದುಕೊಳ್ಳುತ್ತಿದ್ದೆ. ರೊಟ್ಟಿಯನ್ನು ನನಗೆ ಕಲಿಸಿದ್ದು ನನ್ನ ಅವ್ವ.

"ಅಂಥಾ ರೊಟ್ಟೀನ ನಿನ್ನೆ ಇನ್ನೊಂದು ಹಾಕು, ಇನ್ನೊಂದು ಹಾಕು ಅಂತ ಯಾರು ತಿಂದ್ರಿ ಅತ್ತಿ?"

ಅಕ್ಕ ಬುರ್ಖಾದ ಅಂಚನ್ನು ಬಾಯಿಗೆ ತುರುಕಿಕೊಂಡರು. ಯಾರೋ ಮುದುಕಿ "ಯಪ್ಪಾ ಶಿವನೇ, ಮೂಕಿಗೆ ಮಾತು ಬಂತು!" ಎಂದು ಕೈ ಮುಗಿದಳು. ಅಷ್ಟಕ್ಕೆ ಹೆಂಗಸರ ಕಡೆಯೆಲ್ಲ ನಗೆ ಹಬ್ಬಿತು. ಗೋಡೆಯಾಚೆಯ ಗಂಡಸರು ಪರದೆಯ ಮೇಲೆ ನಾಯಕಿ ಸಾಯುತ್ತಿರುವಾಗ ಇವರೇಕೆ ನಗುತ್ತಾರೆಂದು ಎದ್ದು ನಿಂತು ನೋಡಿದರು.

ಅತ್ತೆ ನನ್ನನ್ನೇ ದಿಟ್ಟಿಸಿದರು. ನಾನು ಆಗಲೇ ಮನಸ್ಸಿನಲ್ಲಿ ಟ್ರಂಕು ಕಟ್ಟಿ ಕುರುಗೋಡಿನ ಬಸ್ಸು ಹತ್ತಿದ್ದೆ. ಅವರು ಮುಂದಕ್ಕೆ ತಿರುಗಿ, "ಸುಮ್ಮನ ಕುಂದ್ರು. ಪಿಚ್ಚರಿನಾಗಿನ ಆ ಅತ್ತೀಗೆ ಶಿಕ್ಷೆ ಆಗೂದು ನೋಡಬೇಕು" ಎಂದರಷ್ಟೇ.

ದಾರಿಯಲ್ಲಿ ಅತ್ತೆ ಮುಂದೆ, ನಾನು ಹಿಂದೆ, ಅಕ್ಕ ಇನ್ನೂ ಹಿಂದೆ. ಮನೆಯ ಕಟ್ಟೆಯ ಮೇಲೆ ಮಾವ ಕೂತಿದ್ದರು.

"ಏನು, ಸೊಸೀನೂ ಕರಕೊಂಡು ಹೋಗಿದ್ದೇನ? ಇವತ್ತು ಸ್ವಾಮಿಗಳು ಏನು ಹೇಳಿದ್ರು?"

ಅತ್ತೆ ತಡವರಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಸೊಸೀನ ಮಗಳಂಗ ನೋಡ್ಕೋಬೇಕು ಅಂದ್ರು ಮಾವಾರ" ಎಂದೆ.

"ಹಿರೇರ ಮುಂದ ನಾಲಿಗಿ ಬಿಗಿ ಹಿಡೀಬೇಕಂತನೂ ಹೇಳಿದ್ರು" ಎಂದು ಅತ್ತೆ ಒಳಗೆ ನಡೆದರು.

ಮಾವ ತಲೆದೂಗಿದರು. ಒಳ್ಳೆಯ ಪ್ರವಚನ ಎಂದರು.

ಮುಂದಿನ ಸೋಮವಾರದಿಂದ ಇಬ್ಬರೂ ಜೊತೆಯಾಗಿ ಹೊರಟೆವು. ಅಳುವ ಚಿತ್ರಗಳು ಅವರಿಗೆ ಬೇಕು, ಕತ್ತಿವರಸೆಯವು ನನಗೆ. ಅದಕ್ಕೇ ಜಗಳ. ಬೇರೆ ವಿಷಯಕ್ಕೆ ಜಗಳವಾಡುವಷ್ಟು ಪುರುಸೊತ್ತು ನಮಗೆ ಉಳಿಯಲಿಲ್ಲ. ಒಮ್ಮೆ ಸಿರುಗುಪ್ಪದಲ್ಲಿ ನಾದಿನಿಯ ಮನೆಗೆ ಹೋದಾಗ ಅಲ್ಲಿ ನಾಟಕ ಕಂಪನಿಯ ಡೇರೆ ಬಿದ್ದಿತ್ತು. ಖಳನಾಯಕ ನಾಯಕಿಯ ಜಡೆ ಹಿಡಿದದ್ದೇ ಅತ್ತೆ ಎದ್ದು ನಿಂತು, "ಬಿಡಲೇ ಆಕೀನ, ಮೂಳಾ!" ಎಂದು ಗದರಿದರು. ಆತ ಗಾಬರಿಯಾಗಿ ನಿಜಕ್ಕೂ ಬಿಟ್ಟುಬಿಟ್ಟ. ನಾಯಕಿ ಏನು ಮಾಡಬೇಕೆಂದು ತಿಳಿಯದೆ ನಮ್ಮ ಅತ್ತೆಗೆ ನಮಸ್ಕಾರ ಮಾಡಿದಳು.