ಹನ್ನೊಂದು ಸಲ ಆಫ್ ಆದ ಸ್ಕೂಟರ್

ಆ ಸ್ಕೂಟರ್ ನಡುರಸ್ತೆಯಲ್ಲಿ ಆಫ್ ಆದದ್ದು ಒಟ್ಟು ಹನ್ನೊಂದು ಸಲ. ಒಂಬತ್ತು ಸಲ ನಾನು ಓಡಿಸುವಾಗ, ಎರಡು ಸಲ ಅಪ್ಪ ಓಡಿಸುವಾಗ. ಅಪ್ಪನ ಎರಡನ್ನು ಮನೆಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಆ ಎರಡು ಸಲವೂ ನಾನು ಹಿಂದೆ ಕೂತಿದ್ದೆ.

ತೊಂಬತ್ತರ ದಶಕ ಅರ್ಧ ಕಳೆದಿತ್ತು. ತೂಬಗೆರೆಯಿಂದ ಬಾಶೆಟ್ಟಿಹಳ್ಳಿಯ ಕಾರ್ಖಾನೆಗೆ ಬೆಳಗಿನ ಪಾಳಿಗೆ ಹೋಗುತ್ತಿದ್ದೆ. ಆರಕ್ಕೆ ಗೇಟು ಮುಟ್ಟಿಸುವ ಬಸ್ಸು ನಮ್ಮೂರಿಂದ ಇರಲಿಲ್ಲ. ಸ್ಕೂಟರ್ ಇದ್ದುದರಿಂದಲೇ ನನಗೆ ಕೆಲಸವಿತ್ತು. ಮೂರನೇ ಸಲ ಆಫ್ ಆದಾಗ ಹಿಂದೆಯೇ ಲಾರಿ ಬರುತ್ತಿತ್ತು. ಪಕ್ಕದ ಮಣ್ಣಿಗೆ ಇಳಿಸಿ ಬಿದ್ದೆ, ಮೊಣಕೈ ತರಚಿತು. ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು.

"ಗಾಡಿಗೇನೂ ಆಗಿಲ್ಲ, ಇವ್ಳಿಗೆ ಓಡ್ಸಕ್ಕೆ ಬರಲ್ಲ ಅಷ್ಟೆ," ಎಂದ ಅಣ್ಣ.

"ಇನ್ನೊಂದ್ಸಲ ಬಿದ್ರೆ ಕೆಲ್ಸ ಬಿಟ್ಟು ಮನೇಲಿರು," ಎಂದರು ಅಪ್ಪ.

ಪಾಳಿ ಮುಗಿಸಿ ಬರುವಾಗ ತೋಟದಲ್ಲಿಳಿದು ಪಂಪ್‌ಸೆಟ್ ಹಾಕಿ ಬರುವುದು ನನ್ನ ಕೆಲಸವಾಗಿತ್ತು. ಅದಕ್ಕಾಗಿ ಪಂಪ್‌ಹೌಸಿನ ಎರಡು ಬೀಗದ ಕೈ, ತೋಟದ ಗೇಟಿನದು, ಮನೆಯದು, ಜೊತೆಗೆ ದೇವರ ಬಿಲ್ಲೆ, ಎಲ್ಲವನ್ನೂ ಅಪ್ಪ ಸ್ಕೂಟರಿನ ಕೀ ಇದ್ದ ರಿಂಗಿಗೇ ಪೋಣಿಸಿಕೊಟ್ಟಿದ್ದರು. ಬೇರೆ ಇಟ್ಟರೆ ಕಳೆಯುತ್ತೇನಂತೆ. ನನಗೆ ಆ ಗೊಂಚಲಿನ ಮೇಲೇ ಅನುಮಾನ ಬಂತು. ಆರು ದಿನ ಗೊಂಚಲಿನ ಸಮೇತ ಓಡಿಸಿದೆ, ಆರು ದಿನ ಬರೀ ಕೀ ಇಟ್ಟುಕೊಂಡು ಓಡಿಸಿದೆ. ದಿನ, ಹೊತ್ತು, ಜಾಗ ಎಲ್ಲ ಡೈರಿಯಲ್ಲಿ ಬರೆದೆ. ಗೊಂಚಲಿದ್ದಾಗ ಐದು ಸಲ ಆಫ್ ಆಯಿತು, ಇಲ್ಲದಾಗ ಒಂದು ಸಲ.

ವಾರದ ರಜೆಯ ದಿನ ಅಪ್ಪನನ್ನು ಕರೆದುಕೊಂಡು ದೊಡ್ಡಬಳ್ಳಾಪುರದ ಶೋರೂಮಿಗೆ ಹೋದೆ. ಮ್ಯಾನೇಜರ್ ನನ್ನ ಡೈರಿ ಓದಿ ಅಪ್ಪನ ಕಡೆ ತಿರುಗಿದ.

"ನೋಡಿ ಯಜಮಾನ್ರೇ, ನಿಮ್ ಮಗಳೇ ಬರ್ದವ್ಳೆ. ಇಷ್ಟು ಕಬ್ಬಿಣ ನೇತಾಕಿದ್ರೆ ಯಾವ ಗಾಡಿ ತಾನೆ ಓಡುತ್ತೆ?"

ನಾನು ಪ್ರಾಮಾಣಿಕವಾಗಿ ಬರೆದದ್ದನ್ನೇ ನನ್ನ ಮೇಲೆ ತಿರುಗಿಸಿದ.

"ಬರೀ ಕೀ ಇದ್ದಾಗ್ಲೂ ಒಂದ್ಸಲ ಆಫ್ ಆಗಿದೆ," ಎಂದೆ.

"ಸೆರಗು ಸಿಕ್ಕಿರುತ್ತಮ್ಮಾ."

"ನಾನು ಹಾಕೋದು ಚೂಡಿದಾರ್."

"ಹಂಗಾದ್ರೆ ವೇಲು."

ಅಪ್ಪ ನಕ್ಕರು. ಮ್ಯಾನೇಜರಿಗಿಂತ ಆ ನಗುವಿನ ಮೇಲೆ ನನಗೆ ಹೆಚ್ಚು ಸಿಟ್ಟು ಬಂತು.

ಹೊರಡುವಷ್ಟರಲ್ಲಿ ನಮ್ಮದೇ ಮಾದರಿಯ ಸ್ಕೂಟರಿನಲ್ಲಿ ಒಬ್ಬ ಶಾಲಾ ಮೇಷ್ಟ್ರು ಬಂದರು. "ಸ್ವಿಚ್ ಬದಲಾಯಿಸ್ಕೊಡ್ತೀವಿ ಬನ್ನಿ ಅಂತ ಕಂಪನಿಯೋರು ಕಾಗದ ಹಾಕವ್ರೆ," ಎಂದು ಕಾಗದ ಚಾಚಿದರು. ಮ್ಯಾನೇಜರ್ ಅದನ್ನು ಮಡಚಿ ಡ್ರಾಯರಿಗೆ ಹಾಕಲು ಹೋದ. ಓದಿ ಕೊಡುತ್ತೇನೆಂದು ನಾನು ಕೈ ಚಾಚಿಯೇ ನಿಂತೆ. ಮೇಷ್ಟ್ರು, "ಕೊಡ್ರೀ, ಓದ್ಲಿ," ಎಂದರು.

ಕಾಗದದಲ್ಲಿ ಹೀಗಿತ್ತು: ಕೀ ಸ್ವಿಚ್ಚಿನ ಒಳಗಿನ ಸ್ಪ್ರಿಂಗು ಬಿಗಿಯಾಗಿಲ್ಲ. ಭಾರಕ್ಕೋ ಕುಲುಕಿಗೋ ತಾನಾಗಿ ಆಫ್ ಆಗಬಹುದು. ಇಂಥ ಚಾಸಿಸ್ ನಂಬರಿನಿಂದ ಇಂಥ ನಂಬರಿನವರೆಗೆ ಎಲ್ಲ ಗಾಡಿಗಳಿಗೂ ಉಚಿತವಾಗಿ ಹೊಸದು ಹಾಕಿಕೊಡಲಾಗುವುದು. ನಮ್ಮ ಚಾಸಿಸ್ ನಂಬರು ಡೈರಿಯ ಮೊದಲ ಪುಟದಲ್ಲಿತ್ತು. ಪಕ್ಕದಲ್ಲಿಟ್ಟು ನೋಡಿದೆ. ಅದೂ ಆ ಸಾಲಿನಲ್ಲೇ ಬರುತ್ತಿತ್ತು.

"ನಮ್ಗ್ಯಾಕೆ ಹೇಳ್ಲಿಲ್ಲ?" ಎಂದು ಮ್ಯಾನೇಜರನ್ನು ಕೇಳಿದೆ.

"ನೀವು ಆಫ್ ಆಗುತ್ತೆ ಅಂದ್ರಿ. ಸ್ವಿಚ್ ಬದಲಾಯ್ಸಿ ಅಂತ ಎಲ್ಲಿ ಕೇಳಿದ್ರಿ?" ಎಂದ. ಹೊಸ ಸ್ವಿಚ್ಚುಗಳ ಡಬ್ಬ ಅವನ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು.

ಅರ್ಧ ಗಂಟೆಯ ಕೆಲಸಕ್ಕೆ ಸಂಜೆಯವರೆಗೆ ಕಾಯಿಸಿದ. ಬಿಚ್ಚಿದ ಸ್ವಿಚ್ಚನ್ನು ಮೆಕ್ಯಾನಿಕ್ ಕಿರುಬೆರಳಿನಲ್ಲಿ ಅತ್ತಿತ್ತ ತಿರುಗಿಸಿ ತೋರಿಸಿದ. ಅಪ್ಪನೂ ಅದನ್ನು ನೋಡಿದರು.

ಆಮೇಲೆ ಸ್ಕೂಟರ್ ಒಮ್ಮೆಯೂ ಆಫ್ ಆಗಲಿಲ್ಲ. ಕೆಲಸ ಉಳಿಯಿತು. ತಿಂಗಳು ಕಳೆದ ಮೇಲೆ ಅಪ್ಪ ಜಗಲಿಯಲ್ಲಿ ಪಕ್ಕದ ಮನೆಯವರಿಗೆ ಹೇಳುತ್ತಿದ್ದರು: "ಮೊದ್ಲು ಬೀಳ್ತಿದ್ಲು. ಈಗ ಪರ್ವಾಗಿಲ್ಲ, ಓಡ್ಸೋದು ಕಲ್ತವ್ಳೆ."

ನಾನು ಬಾಗಿಲಲ್ಲೇ ನಿಂತಿದ್ದೆ. ನನ್ನನ್ನು ನೋಡಿಕೊಂಡೇ ಹೇಳಿದರು. ಆ ವರ್ಷ ಎರಡು ಸಲ ಪಂಕ್ಚರ್ ಆಯಿತು, ಒಮ್ಮೆ ಬ್ರೇಕ್ ವೈರು ಕಿತ್ತುಹೋಯಿತು. ಒಂದನ್ನೂ ಮನೆಯಲ್ಲಿ ಹೇಳಲಿಲ್ಲ.