ಗಾರೆಯಮ್ಮನ ಎಡಗಿವಿ

“ಈ ಕಮಾನಿಗೆ ಐನೂರು ವರ್ಷ!” ಎಂದು ಮೇಷ್ಟ್ರು ಕೈಯೆತ್ತಿ ಘೋಷಿಸಿದರು. ಮಾತು ಮುಗಿಯುವಷ್ಟರಲ್ಲಿ ಹಿಂದಿನಿಂದ ಒಂದು ಹೆಣ್ಣುದನಿ, “ಪೊಳ್ಳು,” ಎಂದಿತು.

ಮೂವತ್ತೊಂದು ವರ್ಷ ಇತಿಹಾಸ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರಿಗೆ ಯಾರೂ ಹೀಗೆ ಮುಖಕ್ಕೆ ಹೊಡೆದಂತೆ ಹೇಳಿರಲಿಲ್ಲ. ತಿರುಗಿ ನೋಡಿದರೆ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಮೈಕೈಗೆಲ್ಲ ಸುಣ್ಣ ಮೆತ್ತಿಕೊಂಡು ಗೋಡೆಗೆ ಕಿವಿಯಾನಿಸಿ ನಿಂತಿದ್ದಳು. ತಪ್ಪಾಯಿತು ಅನ್ನುವುದಿರಲಿ, ಇತ್ತ ಕಣ್ಣೂ ಹಾಯಿಸಲಿಲ್ಲ. ಬೆರಳ ಗೆಣ್ಣಿನಿಂದ ಗೋಡೆಗೆ ಟಕಟಕ ಬಡಿದು, “ಪೂರ್ತಿ ಪೊಳ್ಳು,” ಎಂದು ಸೀಮೆಸುಣ್ಣದಲ್ಲಿ ದೊಡ್ಡದೊಂದು ಸೊನ್ನೆ ಸುತ್ತಿದಳು. ಮೇಷ್ಟ್ರು ತಮ್ಮ ಕಾಲದಲ್ಲಿ ಎಷ್ಟೋ ಮಂದಿಗೆ ಸೊನ್ನೆ ಕೊಟ್ಟವರು. ತಮಗೇ ಸಿಕ್ಕಿದ್ದು ಇದೇ ಮೊದಲು.

ಜೊತೆಯಲ್ಲಿ ಇಬ್ಬರು ಹಳೆಯ ಗೆಳೆಯರಿದ್ದರು. ಒಬ್ಬ ದರ್ಜಿ, ಇನ್ನೊಬ್ಬ ಪುಸ್ತಕಗಳಿಗೆ ರಟ್ಟು ಕಟ್ಟುವವನು. ರಟ್ಟಿನವನು ಹುಟ್ಟಿದ್ದೂ ಬೆಳೆದದ್ದೂ ಈ ಕೇರಿಯಲ್ಲೇ. ಈಗ ಇರುವುದೂ ಇದೇ ಕಮಾನಿನ ಮೇಲಿನ ಕೋಣೆಯಲ್ಲಿ. ಅವನ ಕೇರಿಯನ್ನು ಅವನಿಗೇ ತೋರಿಸುವುದಕ್ಕೆ ಮೇಷ್ಟ್ರಿಗೆ ಎಳ್ಳಷ್ಟೂ ಸಂಕೋಚವಿರಲಿಲ್ಲ. ಅಲ್ಲದೆ ಅದಕ್ಕೊಂದು ಕಾರಣವೂ ಇತ್ತು. ಕಮಾನು ಉಬ್ಬಿದೆ, ನಾಲ್ಕು ಗಂಟೆಗೆ ನಗರಸಭೆಯ ಇಂಜಿನಿಯರ್ ಬಂದು ನೋಡುತ್ತಾರೆ, ದುರ್ಬಲವೆಂದು ಕಂಡರೆ ಕೆಡವುತ್ತಾರೆ ಎಂದು ಬಾಗಿಲಿಗೆ ನೋಟಿಸು ಅಂಟಿಸಿದ್ದರು. ಕಮಾನು ಹೋದರೆ ಕೋಣೆಯೂ ಹೋಯಿತು. ಅಲ್ಲಿಯವರೆಗೆ ಅವನು ಒಬ್ಬನೇ ಕೂತು ತಲೆ ಕೆಡಿಸಿಕೊಳ್ಳುವುದು ಬೇಡವೆಂದು ಈ ಸುತ್ತಾಟ.

“ಪೊಳ್ಳು” ಎಂಬ ಮಾತಿಗೆ ರಟ್ಟಿನವನ ಮುಖ ಬಿಳಿಚಿಕೊಂಡಿತು. ನನಗಾದ ಅವಮಾನಕ್ಕೆ ಪಾಪ, ಇವನೂ ನೊಂದುಕೊಂಡ ಎಂದು ಮೇಷ್ಟ್ರ ಕರುಳು ಚುರ್ರೆಂದಿತು.

“ಬನ್ನಿ, ಬನ್ನಿ. ಓದಿದವರಿಗೆ ಬೆಲೆ ಇಲ್ಲದ ಜಾಗ ಇದು,” ಎಂದು ದುಡುದುಡು ಮುಂದೆ ನಡೆದರು.

ಸವೆದು ಸವೆದು ನಡುವೆ ತಗ್ಗಾದ ಮೆಟ್ಟಿಲುಗಳನ್ನು ತೋರಿಸಿದರು. ಎದುರುಬದುರಿನ ಉಪ್ಪರಿಗೆಗಳು ಕೈಕುಲುಕುವಷ್ಟು ಹತ್ತಿರ ಬಾಗಿದ್ದ ಓಣಿಯನ್ನು ತೋರಿಸಿದರು. ಒಂದು ದೊಡ್ಡ ಅಂಗಳದ ಮನೆಯ ಗೋಡೆಯ ಮುಂದೆ ನಿಂತು, “ನೋಡಿ, ಅಂದಿನವರ ಕೈಚಳಕ! ಈಗಿನವರ ಕೈಲಿ ಆಗುತ್ತಾ?” ಎಂದರು.

ಒಗೆದ ಬಟ್ಟೆ ಹರವುತ್ತಿದ್ದ ಅಜ್ಜಿಯೊಬ್ಬಳು, “ಅದು ಹೋದ ವರ್ಷದ್ದಪ್ಪಾ. ಗಾರೆಯಮ್ಮ ಮಾಡಿದ್ದು,” ಎಂದಳು.

ದರ್ಜಿ ಕೆಮ್ಮಿದ. ಎಲ್ಲಿ ಹಳೆಯದು ಮುಗಿದು ಎಲ್ಲಿ ಹೊಸದು ಶುರುವಾಗುತ್ತದೆ ಎಂದು ಅವನು ಗೋಡೆಯ ಮೇಲೆ ಬೆರಳಾಡಿಸಿ ಹುಡುಕಿದ. “ನಲವತ್ತು ವರ್ಷದಿಂದ ತೇಪೆ ಹಾಕ್ತಿದ್ದೀನಿ. ಇಂಥ ತೇಪೆ ನನ್ನ ಕೈಯಿಂದ ಒಂದೂ ಆಗಿಲ್ಲ,” ಎಂದ.

“ಯಾರು ಈ ಗಾರೆಯಮ್ಮ?” ಎಂದರು ಮೇಷ್ಟ್ರು.

“ಆಗಲೇ ನೋಡಿದೆಯಲ್ಲ,” ಎಂದ ರಟ್ಟಿನವನು. “ಪೊಳ್ಳು ಅಂದವರು. ಅಂದಿದ್ದು ನಿನಗಲ್ಲಪ್ಪಾ, ಗೋಡೆಗೆ. ನಾನೇ ಬೇಡಿಕೊಂಡು ಕರೆಸಿದ್ದು.”

ಆಮೇಲೆ ದಾರಿಯುದ್ದಕ್ಕೂ ಮಾತಾಡಿದ್ದು ರಟ್ಟಿನವನು, ಕೇಳಿದ್ದು ಮೇಷ್ಟ್ರು. ಅವಳ ತಾಯಿ ಸುಣ್ಣ ಅರೆಯುತ್ತಿದ್ದಳು. ಚಿಕ್ಕಂದಿನಲ್ಲಿ ಜ್ವರ ಬಂದು ಮಗಳ ಬಲಗಿವಿ ಹೋಯಿತು. ಒಂದೇ ಕಿವಿ ಉಳಿದಾಗ ಅದು ಎರಡರ ಕೆಲಸ ಕಲಿಯಿತು. ಗೋಡೆ ಬಡಿದರೆ ಒಳಗೆ ಗಾರೆ ಬಿಟ್ಟುಕೊಂಡಿದೆಯೋ ಹಿಡಿದಿದೆಯೋ ಎಂದು ಬೆರಳಗಲದ ಲೆಕ್ಕದಲ್ಲಿ ಹೇಳುತ್ತಾಳೆ. ಎಡಗಿವಿ ಗೋಡೆಗೆ ಇಟ್ಟಾಗ ಲೋಕದ ಪಾಲಿಗೆ ಇರುವುದು ಬಲಗಿವಿಯೊಂದೇ. ಗಂಡ ಬಸ್ ಕಂಡಕ್ಟರ್. ಅವನು ಮನೆಯಲ್ಲಿ ದನಿಯೇರಿಸಿದರೆ ಅವಳು ಮಗ್ಗುಲು ಬದಲಿಸುತ್ತಾಳೆ, ಅಷ್ಟೇ.

“ಹಾಗಾದರೆ ನನ್ನ ಭಾಷಣ?”

“ಒಂದಕ್ಷರವೂ ಕೇಳಿರಲಿಕ್ಕಿಲ್ಲ.”

ಮೇಷ್ಟ್ರಿಗೆ ಇದು ಮೊದಲಿನದಕ್ಕಿಂತ ದೊಡ್ಡ ಅವಮಾನವೆನಿಸಿತು. ಆದರೆ ಮರುಕ್ಷಣವೇ ಗೆಳೆಯನ ಮುಖ ಯಾಕೆ ಬಿಳಿಚಿತ್ತೆಂದು ಹೊಳೆದು ನಾಲಿಗೆ ಕಚ್ಚಿಕೊಂಡರು.

ನಾಲ್ಕಕ್ಕೆ ಮೂವರೂ ಕಮಾನಿನಡಿಗೆ ಮರಳಿದರು. ಗೋಡೆಯ ಮೇಲೆ ಹನ್ನೆರಡು ಸೊನ್ನೆಗಳಿದ್ದವು. ಇಂಜಿನಿಯರ್ ಕಂಕುಳಲ್ಲಿ ಫೈಲು ಹಿಡಿದು ನಿಂತಿದ್ದ.

“ಇಷ್ಟು ಪೊಳ್ಳಿದ್ದರೆ ಕೆಡವಲೇಬೇಕಲ್ಲಮ್ಮಾ?”

“ಪೊಳ್ಳಾಗಿರೋದು ಚರ್ಮವೋ ಮೂಳೆಯೋ, ನೋಡಿ ಹೇಳಿ ಸಾರ್,” ಎಂದು ಗಾರೆಯಮ್ಮ ಏಣಿ ಹತ್ತಿದಳು. “ಯಾರೋ ಪುಣ್ಯಾತ್ಮರು ಸುಣ್ಣದ ಗೋಡೆ ಮೇಲೆ ಸಿಮೆಂಟ್ ಮೆತ್ತಿದ್ದಾರೆ. ಒಳಗಿನ ತೇವ ಹೊರಗೆ ಹೋಗೋಕೆ ದಾರಿ ಇಲ್ಲ. ಅದಕ್ಕೇ ಉಬ್ಬಿದೆ.”

ಉಳಿಯ ತುದಿಯಿಂದ ಸೊನ್ನೆಯ ಅಂಚನ್ನು ಮೀಟಿದಳು. ಬಾಗಿಲಗಲದ ಸಿಮೆಂಟಿನ ಚಕ್ಕೆಯೊಂದು ಧೊಪ್ಪೆಂದು ನೆಲಕ್ಕೆ ಬಿತ್ತು. ರಟ್ಟಿನವನು ಕಣ್ಣು ಮುಚ್ಚಿಕೊಂಡ. ಅವಳು ಕೆಳಗಿಳಿದು ಒಂದು ಉದ್ದನೆಯ ಮೊಳೆ ತೆಗೆದು ಇಂಜಿನಿಯರ್ ಕೈಗೇ ಕೊಟ್ಟಳು.

“ಕಲ್ಲುಗಳ ಸಂದಿಗೆ ಚುಚ್ಚಿ. ಗಾರೆ ಸತ್ತಿದ್ದರೆ ಬೆಣ್ಣೆಯೊಳಗೆ ಹೋದ ಹಾಗೆ ಹೋಗುತ್ತೆ. ಹೋದರೆ ನಾನೇ ಮೊದಲ ಕಲ್ಲು ಕೀಳ್ತೀನಿ.”

ಇಂಜಿನಿಯರ್ ಏಣಿ ಹತ್ತಿ ಒಂದು ಸಂದಿಗೆ ಚುಚ್ಚಿದ. ಇನ್ನೊಂದಕ್ಕೆ ಚುಚ್ಚಿದ. ಮೈಭಾರ ಹಾಕಿ ಒತ್ತಿದ. ಮೊಳೆ ಬಾಗಿತು. ಅವಳು ಒಂದೊಂದಾಗಿ ಸಿಮೆಂಟು ಮೀಟಿಕೊಟ್ಟ ಹನ್ನೆರಡು ಕಡೆಯೂ ನೋಡಿ ಕೆಳಗಿಳಿದು, ನೋಟಿಸನ್ನು ಬಾಗಿಲಿನಿಂದ ಕಿತ್ತು ಫೈಲಿಗೆ ಸೇರಿಸಿಕೊಂಡ. “ಸಿಮೆಂಟ್ ಪೂರ್ತಿ ತೆಗೆಸಿಬಿಡಿ,” ಎಂದಷ್ಟೇ ಹೇಳಿದ. ರಟ್ಟಿನವನು ದರ್ಜಿಯ ಹೆಗಲು ಹಿಡಿದುಕೊಂಡ.

ಗಾರೆಯಮ್ಮ ಆಗಲೇ ಮಿಕ್ಕ ಸಿಮೆಂಟು ಕೀಳತೊಡಗಿದ್ದಳು. ಕಮಾನಿನ ಕಾಲಿನ ಬಳಿ ಚಕ್ಕೆ ಕಳಚಿದಾಗ ಒಳಗೆ ಹಳೆಯ ಗಾರೆ ಇಡಿಯಾಗಿ ಉಳಿದಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಮೊಟ್ಟೆಯ ಚಿಪ್ಪಿನಂಥ ನುಣುಪು, ಕೊಳದ ನೀರಿನಂಥ ಹೊಳಪು. ಅದರೊಳಗೆ ಮೇಷ್ಟ್ರಿಗೆ ತಮ್ಮದೇ ಮುಖ ಕಂಡಿತು. ಹೆಸರೂ ಉಳಿಯದ ಯಾವನೋ ಒಬ್ಬ ನಯವಾದ ಕಲ್ಲು ಹಿಡಿದು, ದಿನವಿಡೀ ಉಜ್ಜಿ ಉಜ್ಜಿ, ಸುಣ್ಣವನ್ನು ಕನ್ನಡಿ ಮಾಡಿ ಹೋಗಿದ್ದ. ಮೂವತ್ತೊಂದು ವರ್ಷ ಮೇಷ್ಟ್ರು ಹೇಳಿದ ಪಾಠದಲ್ಲಿ ಬರೀ ರಾಜರಿದ್ದರು, ಇವನಿರಲಿಲ್ಲ. ಚಪ್ಪಲಿ ಕಳಚಿಟ್ಟು ಆ ಗಾರೆಯ ಮುಂದೆ ತಲೆಬಾಗಿ ನಿಂತರು. ದರ್ಜಿಗೂ ಅದು ನಂಬಲಾಗದ ದೃಶ್ಯ.

ಕೊನೆಗೆ ಅವಳ ಎಡಗಡೆಗೆ ಬಂದು ಮೆಲ್ಲಗೆ ಕೇಳಿದರು: “ಅಮ್ಮಾ, ಇದನ್ನು ಉಜ್ಜುವಾಗ ಆ ಮಹಾನುಭಾವನ ಮನಸ್ಸಿನಲ್ಲಿ ಏನಿದ್ದಿರಬಹುದು?”

“ಏನಿರುತ್ತೆ? ಕೈ ನೋವು,” ಎಂದಳು ಗಾರೆಯಮ್ಮ. “ಸ್ವಲ್ಪ ಆಚೆ ಸರೀರಿ ಮೇಷ್ಟ್ರೇ, ಬೆಳಕಿಗೆ ಅಡ್ಡ ನಿಂತಿದ್ದೀರಿ.”